ಓಬಳೇಶಪ್ಪನವರು ನನ್ನ ವಕಾಲತ್ತು ಬಿಟ್ಟ ಕಾರಣ

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಮಾನ್ಯ ಮುನ್ಸೀಫರೇ, ಬೇಡ ಬೇಡ ಎನ್ನುತ್ತಲೇ ಸನ್ಮಾನಕ್ಕೆ ಸಿಕ್ಕಿಬಿದ್ದಿರುವ ನಮ್ಮ ಓಬಳೇಶಪ್ಪ ವಕೀಲರೇ, ದುರ್ಗ, ಹೊಸದುರ್ಗ, ಹೊಳಲ್ಕೆರೆಗಳಿಂದ ಬೆಳಗಿನ ಬಸ್ಸು ಹಿಡಿದು ನಮ್ಮ ಹಿರಿಯೂರಿಗೆ ಬಂದ ಕರಿಕೋಟಿನ ಬಂಧುಗಳೇ, ಕೋಟಿಲ್ಲದಿದ್ದರೂ ಆ ಕೋಟುಗಳನ್ನು ಹೊಲಿಸಿಕೊಟ್ಟ ನನ್ನಂಥ ಕಕ್ಷಿದಾರರೇ, ಸಭಿಕರೇ,

ನನ್ನ ಜುಬ್ಬದ ಜೇಬಿನಲ್ಲಿ ಒಂದು ಬರೆದ ಭಾಷಣವಿದೆ. ಬಬ್ಬೂರಿನ ಕನ್ನಡ ಮೇಷ್ಟರೊಬ್ಬರು ಬರೆದುಕೊಟ್ಟದ್ದು. ಅದರಲ್ಲಿ ಓಬಳೇಶಪ್ಪನವರು ಮೊದಲ ಹಾಳೆಯಲ್ಲಿ ಚಂದ್ರ, ಎರಡನೆಯ ಹಾಳೆಯಲ್ಲಿ ಸಮುದ್ರ, ಕೊನೆಯ ಹಾಳೆಯಲ್ಲಿ ಮೇರುಪರ್ವತ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಓದಿ ಅಭ್ಯಾಸವನ್ನೂ ಮಾಡಿದ್ದೆ. ನನ್ನ ಹೆಂಡತಿ ಹೊನ್ನಕ್ಕ ಅಡುಗೆಮನೆಯಿಂದ ಕೇಳಿಸಿಕೊಂಡು, "ಅಯ್ಯೋ, ಯಾರು ಹೋಗ್ಬಿಟ್ರು?" ಎಂದು ಓಡಿಬಂದಳು. ಅಷ್ಟು ಚೆನ್ನಾಗಿದೆ ಭಾಷಣ.

ಅದನ್ನು ನಾನು ಓದುವುದಿಲ್ಲ. ಓದಲಾರೆ. ಯಾಕೆ ಓದಲಾರೆ ಎಂದು ಕೇಳುತ್ತೀರಾ? ನನ್ನ ಜುಬ್ಬದ ಮೇಲಿನ ಈ ಕಾಫಿಯ ಕಲೆಯನ್ನು ನೋಡಿ. ಇನ್ನೂ ಆರಿಲ್ಲ.

ಈ ಪರದೆಯ ಹಿಂದೆ ಈಗತಾನೇ ಅತಿಥಿಗಳಿಗೆಲ್ಲ ಕಾಫಿ ಕೊಟ್ಟರು. ಸನ್ಮಾನ ಸಮಿತಿಯ ಖಜಾಂಚಿ ಉಗ್ರಪ್ಪನವರು, ಅಗೋ ಹಾರದ ಬುಟ್ಟಿಯ ಪಕ್ಕ ನಿಂತಿದ್ದಾರೆ, ಇಷ್ಟು ಹೊತ್ತು ನನ್ನ ಕಡೆ ನೋಡುತ್ತಿದ್ದವರು ಈಗ ನೋಡುತ್ತಿಲ್ಲ, ನನ್ನ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಅಂದರು:

"ಚಿತ್ರಲಿಂಗಪ್ಪಾರೆ, ನಿಮ್ದು ದೊಡ್ಡ ಮನಸು ಕಣ್ರಿ. ನಿಮ್ಮನ್ನ ಎದುರು ಪಾರ್ಟಿಗೆ ಮಾರ್ಕಂಡೋರಿಗೆ ನೀವೇ ಹಾರ ಹಾಕಾಕೆ ಬಂದೀರಲ್ಲ!"

"ಏನಂದ್ರಿ?"

"ಗೊತ್ತಿಲ್ದೋರಂಗೆ ಕೇಳಬ್ಯಾಡ್ರಿ. ನಿಮ್ಮ ಹಿತೈಷಿಗಳು ಯಾರೋ ಬೆಂಗಳೂರಿಗೆ ಅರ್ಜಿ ಹಾಕವ್ರೆ. ಬಾರ್ ಕೌನ್ಸಿಲ್‌ಗೆ. ಇಲಾಖೆಯೋರ ಕಡೆಯಿಂದ ತಿಂದು ನಿಮ್ಮ ಕೇಸು ನಡುನೀರಿನಾಗೆ ಬಿಟ್ರು ಅಂತ. ವಕೀಲಿ ಸನ್ನದು ಉಳಿಯಾದು ಕಷ್ಟ ಐತೆ."

"ಅದಕ್ಕೆ ಇವರು ಏನಂತ ಉತ್ರ ಕೊಟ್ರು?"

"ಕೊಡಾಕೆ ಏನೈತೆ? 'ನನ್ನ ಕಕ್ಷಿದಾರರಾಗಿದ್ದವರ ವಿಷಯದಲ್ಲಿ ನಾನು ಏನೂ ಹೇಳುವಂತಿಲ್ಲ.' ಅಷ್ಟೇ ಬರೆದು ಕಳ್ಸವ್ರೆ. ತಪ್ಪಿಲ್ದೋನು ಹಂಗೆ ಬರೀತಾನೇನ್ರಿ?"

"ಮತ್ತೆ ಈ ಸನ್ಮಾನ ಯಾಕ್ರಿ?"

"ಕಾರ್ಡು ಮೊದ್ಲೇ ಅಚ್ಚಾಗಿದ್ವು."

ಕಾಫಿ ಚೆಲ್ಲಿದ್ದು ಆಗ. ಸಭಿಕರೇ, ನಾನು ಆ ಅರ್ಜಿ ಹಾಕಿಲ್ಲ. ಹಾಕಿಸಿಲ್ಲ. ಹಾಕಿದ್ದಾರೆಂಬ ಸುದ್ದಿಯೂ ನನಗಿರಲಿಲ್ಲ. ಆದರೆ ಅದರಲ್ಲಿ ಮೋಸಹೋದ ಬಡಪಾಯಿ ಎಂದು ಇರುವ ಹೆಸರು ನನ್ನದು. ಮೋಸಹೋದ ಬಡಪಾಯಿ! ಚಿತ್ರಲಿಂಗಪ್ಪ! ಈ ತಾಲ್ಲೂಕಿನಲ್ಲಿ ನನ್ನನ್ನು ಏನೇನೋ ಅಂದಿದ್ದಾರೆ, ಬೆನ್ನ ಹಿಂದೆಯೂ ಅಂದಿದ್ದಾರೆ, ಮುಖದ ಮೇಲೂ ಅಂದಿದ್ದಾರೆ. ಬಡಪಾಯಿ ಎಂದು ಮಾತ್ರ ಇದುವರೆಗೆ ಯಾರೂ ಅಂದಿರಲಿಲ್ಲ.

ತುರ್ತು ಪರಿಸ್ಥಿತಿ ಮುಗಿದು ವರ್ಷದ ಮೇಲಾಯಿತು. ದೇಶದಲ್ಲಿ ಎಲ್ಲರ ಬಾಯಿಯೂ ಬಿಚ್ಚಿದೆ. ಈ ಮನುಷ್ಯ ಮಾತ್ರ ತನ್ನ ಸನ್ನದು ಹೋಗುತ್ತದೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ಯಾಕೆ ಎಂಬುದು ಇಡೀ ಹಾಲಿನಲ್ಲಿ ಇಬ್ಬರಿಗೆ ಗೊತ್ತು. ಒಬ್ಬರು ಅವರು. ಇನ್ನೊಬ್ಬ ನಿಮ್ಮ ಮುಂದೆ ಮೈಕು ಹಿಡಿದು ನಿಂತಿದ್ದಾನೆ.

ಮೊದಲು ನಾನು ಯಾರು ಎಂಬುದು ನಿಮಗೆ ತಿಳಿಯಬೇಕು. ನನ್ನವ್ವ ಬೋರಕ್ಕ ಮಣ್ಣು ಹೊರುವ ಹೆಂಗಸು. ನನ್ನನ್ನು ರಸ್ತೆ ಬದಿಯ ಜಾಲಿ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿಸಿ ಬುಟ್ಟಿ ಹೊತ್ತವಳು. ಸಂಜೆ ಮೇಸ್ತ್ರಿ ಅಳತೆಗೆ ಬಂದು, ಬುಟ್ಟಿ ತುಂಬಿರಲಿಲ್ಲ, ಮಣ್ಣು ಸಡಿಲವಿತ್ತು ಎಂದು ಏನಾದರೊಂದು ಹೇಳಿ ಕೂಲಿ ಮುರಿಯುತ್ತಿದ್ದ. ಅವ್ವ ಮನೆಗೆ ಬಂದು ಅಳುತ್ತಿರಲಿಲ್ಲ. "ಅವರು ಮುರದೇ ಮುರೀತಾರೆ ಕಣಪ್ಪ. ಮುರಿಯಾದನ್ನ ನಾವು ಮೊದ್ಲೇ ಸೇರಿಸ್ಬೇಕು" ಎನ್ನುತ್ತಿದ್ದಳು. ಮಾರನೆಯ ದಿನ ಬುಟ್ಟಿಯ ತಳಕ್ಕೆ ಹುಲ್ಲು ತುರುಕಿ ಮೇಲೆ ಮಣ್ಣು ಸುರಿಯುತ್ತಿದ್ದಳು. ಬೇರೆಯವರ ಮಕ್ಕಳು ಮಗ್ಗಿ ಕಲಿಯುವಾಗ ನಾನು ಕಲಿತ ಲೆಕ್ಕ ಇದು. ಇದೇ ಲೆಕ್ಕದಲ್ಲಿ ಬುಟ್ಟಿಯಿಂದ ಗಾಡಿಗೆ, ಗಾಡಿಯಿಂದ ಲಾರಿಗೆ, ಲಾರಿಯಿಂದ ಗುತ್ತಿಗೆಗೆ ಬಂದೆ.

ಗುತ್ತಿಗೆಗೆ ಬಂದ ಮೇಲೆ ವಕೀಲರು ಬೇಕಾದರು. ಭರಮಸಾಗರದ ಹತ್ತಿರ ಒಂದು ರಸ್ತೆ ಕೆಲಸದ ಕರಾರಿಗೆ ಹೆಬ್ಬೆಟ್ಟು ಒತ್ತಿ, ಸಿಕ್ಕಿಹಾಕಿಕೊಂಡು, ಇವರ ಆಫೀಸಿನ ಮೆಟ್ಟಿಲು ಹತ್ತಿದೆ. ಇವರು ಕರಾರನ್ನು ಓದಿ, "ಇದನ್ನ ಓದಿದ್ರೇನ್ರಿ?" ಎಂದರು.

"ಓದಾಕೆ ಬಂದಿದ್ರೆ ನಿಮ್ಮ ತಾವ ಯಾಕೆ ಬರ್ತಿದ್ದೆ ಸ್ವಾಮಿ?"

"ಹಂಗಾರೆ ಕೇಸು ಆಮೇಲೆ ನೋಡಾಣ. ಮೊದ್ಲು ಓದಾದು ಕಲೀರಿ. ನಮ್ಮ ಗುಮಾಸ್ತ ಕಲಿಸ್ತಾನೆ. ಕುಂತ್ಕಳ್ರಿ."

ಹೀಗೆ ಕಕ್ಷಿದಾರನನ್ನು ಶಾಲೆಗೆ ಹಾಕಿದ ವಕೀಲರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಸಂಸಾರ. ಸಂಸಾರ ಎಂದೇ ಹೇಳುತ್ತೇನೆ, ಯಾಕೆಂದರೆ ಜಗಳವಿಲ್ಲದ ತಿಂಗಳಿರಲಿಲ್ಲ. ಒಂದು ಕೆಲಸಕ್ಕೆ ಕಡಿಮೆಯೆಂದರೆ ಮೂರು ಟೆಂಡರು ಬರಬೇಕೆಂದು ಇಲಾಖೆಯವರು ಅಪೇಕ್ಷೆಪಡುತ್ತಾರೆ. ನಾನು ಅವರಿಗೆ ತೊಂದರೆಯಾಗಬಾರದೆಂದು ಮೂರನ್ನೂ ನನ್ನ ಮನೆಯಿಂದಲೇ ಕಳಿಸುತ್ತಿದ್ದೆ. ಒಂದು ನನ್ನದು, ಒಂದು ತಮ್ಮನದು, ಒಂದು ಹೊನ್ನಕ್ಕನದು. ಓಬಳೇಶಪ್ಪನವರು ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು, "ಒಂದೇ ಒಲೆ ಮೇಲೆ ತೊಳಸಿದ ಮೂರು ಮುದ್ದೆ ಕಣ್ರಿ ಇವು. ಪೈಪೋಟಿ ಎಲ್ಲೈತೆ?" ಎಂದರು. "ನನಗೂ ಹೊನ್ನಕ್ಕನಿಗೂ ಇರೋ ಪೈಪೋಟಿ ನೀವು ನೋಡಿಲ್ಲ ಸ್ವಾಮಿ" ಎಂದೆ. ನಗಲಿಲ್ಲ. ಎರಡನ್ನು ಹರಿದು ಹಾಕಿದರು. ಆ ಕೆಲಸ ಹೊಳಲ್ಕೆರೆಯ ಒಬ್ಬರಿಗೆ ಹೋಯಿತು. ಅವರು ಅಲ್ಲಿ ಕೂತು ನಗುತ್ತಿದ್ದಾರೆ. ನಗಿ ಸ್ವಾಮಿ, ನಿಮ್ಮ ಮನೆಯಲ್ಲಿ ಎಷ್ಟು ಮುದ್ದೆ ಬೆಂದಿತ್ತೆಂದು ನಾನು ಕೇಳುವುದಿಲ್ಲ.

ಇನ್ನೊಮ್ಮೆ ನನಗೂ ಜಲ್ಲಿ ಒದಗಿಸುತ್ತಿದ್ದವನಿಗೂ ಜಗಳ ಹತ್ತಿತು. ಇಬ್ಬರೂ ಇವರ ಕಕ್ಷಿದಾರರೇ. ನಾನು ಓಡಿ ಬಂದು ಮೊದಲು ಫೀಜು ಇಟ್ಟೆ. ನನ್ನ ಹಿಂದೆಯೇ ಅವನೂ ಬಂದು ಇಟ್ಟ. ಇವರು ಇಬ್ಬರದನ್ನೂ ವಾಪಸು ತಳ್ಳಿದರು. "ಇಬ್ಬರ ಗುಟ್ಟೂ ನನ್ನ ಹೊಟ್ಟ್ಯಾಗೆ ಅವೆ. ಒಬ್ಬರ ಕಡೆ ಬಾಯಿ ತೆಗೆದ್ರೆ ಇನ್ನೊಬ್ಬರದು ಉದುರ್ತೈತೆ. ಇಬ್ಬರೂ ಬ್ಯಾರೆ ಕಡೆ ಹೋಗ್ರಿ." ಬರುವ ಲಕ್ಷ್ಮಿಯನ್ನು ಎರಡು ಬಾಗಿಲಿನಿಂದಲೂ ಹೊರಗೆ ಕಳಿಸಿದ್ದನ್ನು ನೋಡಿ ನನಗೆ ಈ ಮನುಷ್ಯನ ಬುದ್ಧಿಯ ಮೇಲೆ ಅನುಮಾನ ಬಂತು. ಆದರೂ ಮುಂದಿನ ಕೇಸಿಗೆ ಇವರ ಹತ್ತಿರವೇ ಹೋದೆ. ಯಾಕೆ ಹೋದೆ? ನನ್ನ ಗುಟ್ಟುಗಳೂ ಆ ಹೊಟ್ಟೆಯಲ್ಲೇ ಇದ್ದವಲ್ಲ.

ಇರಲಿ. ಜವನಗೊಂಡನಹಳ್ಳಿಯ ಕೆರೆಗೆ ಬರೋಣ.

ಜವನಗೊಂಡನಹಳ್ಳಿಯಿಂದ ಆಚೆ ಒಂದು ಕೆರೆಯ ಏರಿಯನ್ನು ಎತ್ತರಿಸುವ ಕೆಲಸ ನನಗೆ ಸಿಕ್ಕಿತು. ಏರಿಗೆ ಮಣ್ಣು ಬೇಕು, ಮಣ್ಣಿಗೆ ಪಕ್ಕದ ಬಂಜರು ಅಗೆಯಬೇಕು. ಅಗೆಯುತ್ತಾ ಹೋದರೆ ದೊಡ್ಡ ಗುಂಡಿಯಾಗುತ್ತದೆ. ಎಷ್ಟು ಮಣ್ಣು ಎತ್ತಿದ್ದೇವೆಂದು ಆಮೇಲೆ ತಿಳಿಯುವುದು ಹೇಗೆ? ಅದಕ್ಕೊಂದು ಪದ್ಧತಿ ಇದೆ. ಗುಂಡಿಯ ನಡುನಡುವೆ ಅಲ್ಲಲ್ಲಿ ನೆಲವನ್ನು ಅಗೆಯದೆ ಕಂಬದ ಹಾಗೆ ಬಿಟ್ಟುಬಿಡುತ್ತೇವೆ. ಸುತ್ತ ತಗ್ಗು, ನಡುವೆ ಹಳೆಯ ನೆಲ, ಅದರ ನೆತ್ತಿಯ ಮೇಲೆ ಹಳೆಯ ಹುಲ್ಲು. ಸಾಕ್ಷಿಗುಡ್ಡೆ ಎನ್ನುತ್ತಾರೆ. ಆ ಗುಡ್ಡೆಯ ಎತ್ತರವೇ ಗುಂಡಿಯ ಆಳ. ಆಳವೇ ನಮ್ಮ ಬಿಲ್ಲು. ಕೋಟು ಹಾಕಿದವರಿಗೆ ಕಾಗದ ಹೇಗೋ ಮಣ್ಣಿನವರಿಗೆ ಆ ಗುಡ್ಡೆ ಹಾಗೆ.

ಕೆಲಸ ಮುಗಿಯಿತು. ಅಳತೆಗೆ ಬನ್ನಿ ಎಂದು ಓವರ್‌ಸಿಯರಿಗೆ ಹೇಳಿಕಳಿಸಿದೆ. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಲೇ ಒಂದು ಮಳೆಗಾಲ ಕಳೆಯಿತು. ಅಲ್ಲಿ ಹತ್ತಿರ ಗೊಲ್ಲರ ಹಟ್ಟಿ ಇದೆ. ಬಂಜರಿನ ಹುಲ್ಲನ್ನೆಲ್ಲ ನಾನು ಮಣ್ಣಿನ ಜೊತೆ ಏರಿಗೆ ಹಾಕಿದ್ದೆ. ಉಳಿದದ್ದು ಗುಡ್ಡೆಗಳ ನೆತ್ತಿಯ ಮೇಲೆ ಮಾತ್ರ. ಹಸಿದ ಕುರಿ ಬಿಡುತ್ತದೆಯೇ? ಹತ್ತಿದವು, ಮೇದವು, ತುಳಿದವು. ಅವು ಹತ್ತಲಾರದ ಕಡೆ ಮೇಕೆ ಹತ್ತಿದವು. ಗುಡ್ಡೆಗಳು ನೆತ್ತಿ ಕುಸಿದು ಬೋಳಾದವು. ಓವರ್‌ಸಿಯರು ಆಮೇಲೆ ಬಂದು ಅಳೆದು, ಗುಂಡಿ ಇಷ್ಟೇ ಆಳ ಎಂದು ಬರೆದುಕೊಂಡು ಹೋದರು. ನಾನು ಎತ್ತಿದ ಮಣ್ಣು ಏರಿಯ ಮೇಲಿದೆ, ನನ್ನ ಬಿಲ್ಲು ಕುರಿಯ ಕಾಲಡಿ ಹೋಯಿತು.

ಇಲಾಖೆಯ ಮೇಲೆ ಕೋರ್ಟಿಗೆ ಹೋದೆವು. ಓಬಳೇಶಪ್ಪನವರು ಇದು ನ್ಯಾಯವಾದ ಕೇಸು ಎಂದು ಖುಷಿಯಾಗಿ ತೆಗೆದುಕೊಂಡರು. ಕೋರ್ಟು ಕಮಿಷನರನ್ನು ಕಳಿಸಿ ಗುಡ್ಡೆಗಳನ್ನು ಮತ್ತೆ ಅಳೆಸಲಿ ಎಂದು ಅರ್ಜಿ ಹಾಕಿದರು. ನನ್ನನ್ನು ಕರೆದು ಹೇಳಿದರು: "ಗುಡ್ಡೆ ಹೆಂಗವೋ ಹಂಗೇ ಇರ್ಲಿ. ಗೊರಸಿನ ಗುರುತು ಐತಲ್ಲ, ಅದೇ ನಮಗೆ ಬೇಕಾದ್ದು. ಹಟ್ಟಿಯೋರು ಬಂದು ನಮ್ಮ ಕುರಿ ತುಳಿದಿದ್ದು ನಿಜ ಅಂತ ಹೇಳಿದ್ರೆ ಗೆದ್ದಂಗೆ. ಯಾರೂ ಮುಟ್ಟದಂಗೆ ನೋಡ್ಕಳ್ರಿ." ಸರಿ ಎಂದು ಹಟ್ಟಿಯ ಹಿರಿಯ ಜುಂಜಣ್ಣನನ್ನೇ ಕಾವಲಿಗೆ ಇಟ್ಟೆ. ತುಳಿಸಿದವನೇ ಕಾಯಲಿ ಎಂದು.

ಈ ದಾವೆ ಈಗಲೂ ಇಲ್ಲಿ ಕುಳಿತಿರುವ ಮಾನ್ಯ ಮುನ್ಸೀಫರ ಮುಂದೆಯೇ ನಡೆಯುತ್ತಿದೆ. ಮುಂದೆ ನಾನು ಹೇಳಬೇಕಾದದ್ದು…

ಮುನ್ಸೀಫರು ಎದ್ದರು. ಹೊರಟರು. ದಾರಿ ಬಿಡಿ, ದಾರಿ ಬಿಡಿ. ನಡೆಯುತ್ತಿರುವ ದಾವೆಯ ಮಾತು ಕಟ್ಟೆಯ ಮೇಲೆ ಕೇಳಬಾರದೆಂದು ಹೋಗುತ್ತಿದ್ದಾರೆ. ಅವರ ಧರ್ಮ ಅವರು ನೋಡಿಕೊಂಡರು. ಹೋಗಿ ಬನ್ನಿ ಸ್ವಾಮಿ. ಅವರ ಹಿಂದೆಯೇ ಇನ್ನೊಬ್ಬರು ಓಡುತ್ತಿದ್ದಾರಲ್ಲ, ಅವರು ನನ್ನ ಈಗಿನ ವಕೀಲರು. ಅವರಿಗೆ ಏನೂ ಗೊತ್ತಿಲ್ಲ, ಪಾಪ. ಅವರಿಗೆ ನಾನು ಹೇಳಿಲ್ಲ. ಒಬ್ಬರಿಗೆ ಹೇಳಿ ಪಟ್ಟದ್ದು ಸಾಕಾಗಿತ್ತು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಸ್ವಲ್ಪ ತಡೆದುಕೊಳ್ಳಿ ಸ್ವಾಮಿ.

ಯೋಚಿಸಿ ಸಭಿಕರೇ. ಸಂತೆಯಲ್ಲಿ ಎತ್ತು ಮಾರುವವನು ತನಗೆ ಬೇಕಾದ ಬೆಲೆಯನ್ನೇ ಬಾಯಿಬಿಟ್ಟು ಹೇಳುತ್ತಾನೆಯೇ? ಹೇಳಿದರೆ ಅವನನ್ನು ಸತ್ಯವಂತ ಎನ್ನುತ್ತೀರೋ ಹುಚ್ಚ ಎನ್ನುತ್ತೀರೋ? ಓವರ್‌ಸಿಯರು ಮುರಿದರು, ಕೋರ್ಟೂ ಸ್ವಲ್ಪ ಮುರಿಯುತ್ತದೆ. ಮುರಿಯುವುದನ್ನು ಮೊದಲೇ ಸೇರಿಸಬೇಕಲ್ಲ. ಆಚೆಯ ಹೊಲದ ಬದುವಿನಿಂದ ಹುಲ್ಲಿನ ಸಮೇತ ಹೆಂಟೆ ಕೀಳಿಸಿ ತಂದು ಗುಡ್ಡೆಗಳ ಮೇಲೆ ಕೂರಿಸಿ ನೀರು ಹಾಕಿಸಿದೆ. ಬೇರು ಹಿಡಿಯಿತು. ಹುಟ್ಟಿದಂದಿನಿಂದ ಅಲ್ಲೇ ಇತ್ತೇನೋ ಎನ್ನುವ ಹಾಗೆ ಹುಲ್ಲು ಬಂತು. ಕುರಿ ಇಳಿಸಿದ್ದು ಅಸಲು, ಅದನ್ನು ತುಂಬಿದೆ. ಇಷ್ಟು ದಿನ ಕಾಯಿಸಿದ್ದಕ್ಕೆ ಮೇಲೊಂದಿಷ್ಟು ಬಡ್ಡಿ. ನಮ್ಮ ಕಸುಬಿನಲ್ಲಿ ಇದೇನು ಹೊಸದಲ್ಲ. ಮುಂದಿನ ಸಾಲಿನಲ್ಲಿರುವ ಗುತ್ತಿಗೆದಾರ ಮಿತ್ರರೇ, ಒಬ್ಬರನ್ನೊಬ್ಬರು ಹಾಗೆ ನೋಡಿಕೊಳ್ಳಬೇಡಿ. ನಾನು ಯಾರ ಹೆಸರನ್ನೂ ಹೇಳಿಲ್ಲ.

ಇದನ್ನು ನಾನೇ ಹೋಗಿ ಓಬಳೇಶಪ್ಪನವರಿಗೆ ಹೇಳಿದೆ. ಮುಚ್ಚಿಡಲಿಲ್ಲ. ಹೆಮ್ಮೆಯಿಂದಲೇ ಹೇಳಿದೆ. ಇವರು ಏನೋ ಬರೆಯುತ್ತಿದ್ದವರು ಪೆನ್ನು ಎತ್ತಿ ಹಾಗೇ ಹಿಡಿದುಕೊಂಡರು. ಅವರ ಮುಖ ಆ ಥರ ಆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಂದು ಕೊಲೆ ಕೇಸಿನ ತೀರ್ಪು ಬಂದ ದಿನವೂ ಅವರ ಜೊತೆ ಇದ್ದೆ, ಆವತ್ತೂ ನೋಡಿರಲಿಲ್ಲ.

"ಯಾಕ್ರಿ ಹೇಳಿದ್ರಿ ನನಗೆ?"

"ನಿಮಗಲ್ದೆ ಯಾರಿಗೆ ಹೇಳ್ಲಿ? ಡಾಕ್ಟ್ರಿಗೂ ವಕೀಲ್ರಿಗೂ ಮುಚ್ಚಿಡಬಾರ್ದು ಅಂತ ನೀವೇ ಅಂದಿದ್ರಲ್ಲ."

"ಗೆಲ್ಲಾ ಕೇಸು ಕಣ್ರಿ ಅದು! ನಿಜವಾದ ಕೇಸು! ನಿಜದ ತಲೆ ಮ್ಯಾಲೆ ಯಾಕ್ರಿ ಮಣ್ಣು ಹಾಕಿದ್ರಿ?"

"ಕುರಿ ತುಳಿದಿದ್ದನ್ನೇ ತುಂಬಿದೀನಿ ಸ್ವಾಮಿ. ಮ್ಯಾಲೆ ಒಂಚೂರು…"

"ತುಂಬಿದ್ದೆಷ್ಟು, ಒಂಚೂರು ಎಷ್ಟು? ಬಿಡಿಸಿ ತೋರಿಸ್ರಿ ನೋಡಾಣ."

ಹೇಗೆ ತೋರಿಸಲಿ? ಮಣ್ಣಿಗೆ ಮಣ್ಣು ಕೂಡಿಹೋಗಿದೆ. ನನಗೇ ಗೊತ್ತಿರಲಿಲ್ಲ. ಲೆಕ್ಕದಲ್ಲಿ ಎಂದೂ ತಪ್ಪದ ನನಗೆ ನನ್ನ ಅಸಲು ಎಲ್ಲಿ ಮುಗಿದು ಬಡ್ಡಿ ಎಲ್ಲಿ ಶುರುವಾಯಿತೆಂದು ಗೊತ್ತಿರಲಿಲ್ಲ.

"ಕಮಿಷನರ್ ಬರಾದ್ರೊಳಗೆ ಹಾಕಿದ್ದನ್ನೆಲ್ಲ ತೆಗೆಸ್ರಿ," ಎಂದರು. "ಅದನ್ನ ಮಡಿಕ್ಕಂಡು ನಾನು ಗುಂಡಿ ದಂಡೆ ಮ್ಯಾಲೆ ನಿಂತು ಇದು ಹಳೇ ನೆಲ ಅನ್ನಾಕಾಗಲ್ಲ."

"ನೀವೇನೂ ಅನ್ನಬ್ಯಾಡ್ರಿ. ಸುಮ್ಕೆ ನಿಂತ್ಕಳ್ರಿ, ಸಾಕು."

"ನಾನು ಸುಮ್ಕೆ ನಿಂತ್ರೂ ಅಂದಂಗೇ ಕಣ್ರಿ."

ಇದು ಯಾವ ನ್ಯಾಯ? ಸುಮ್ಮನೆ ನಿಲ್ಲುವುದಕ್ಕೂ ಲೆಕ್ಕವೇ? ನನಗೆ ಸಿಟ್ಟು ಬಂತು. ಆದರೂ ಮಾತು ಮೀರಬಾರದೆಂದು ಗುದ್ದಲಿಯವರನ್ನು ಕರೆದುಕೊಂಡು ಲಾರಿಯಲ್ಲಿ ಹೋದೆ. ಹೋಗಿ ನೋಡುತ್ತೇನೆ, ಪ್ರತಿಯೊಂದು ಗುಡ್ಡೆಯ ನೆತ್ತಿಯ ಮೇಲೂ ಒಂದೊಂದು ಕಲ್ಲು. ಕಲ್ಲಿಗೆ ಕುಂಕುಮ, ಬೇವಿನ ಸೊಪ್ಪು, ಒಡೆದ ಕಾಯಿ. ಹಟ್ಟಿಯ ಹೆಂಗಸರು ಗುಂಡಿಯ ದಂಡೆಯಲ್ಲೇ ಚಪ್ಪಲಿ ಬಿಟ್ಟು ಇಳಿಯುತ್ತಿದ್ದಾರೆ. ನಾನು ಜುಂಜಣ್ಣನನ್ನು ಹಿಡಿದುಕೊಂಡೆ.

"ಲೇ ಜುಂಜಣ್ಣ, ಏನಪ್ಪ ಇದು?"

"ಕಾಯಿ ಅಂದಿದ್ರಲ್ಲ ಧಣಿ. ನಾನೊಬ್ನೇ ಎಷ್ಟು ಅಂತ ಕಾಯ್ಲಿ? ಹುಡುಗ್ರು ಕೇಳಾಕಿಲ್ಲ, ಮೇಕೆ ಕೇಳಾಕಿಲ್ಲ. ಅದಕ್ಕೇ ಕಾಯೋನ್ನೇ ತಂದು ಕುಂಡ್ರಿಸಿದೀನಿ. ಈಗ ನೋಡ್ರಿ, ಒಂದು ಮರಿ ಹತ್ತ ಬರ್ಲಿ."

"ಒಳ್ಳೇ ಕೆಲ್ಸ ಮಾಡಿದೆ. ಈಗ ತೆಗಿ, ಮ್ಯಾಲಿನ ಮಣ್ಣು ಕೆರೀಬೇಕು."

ಜುಂಜಣ್ಣ ನನ್ನ ಮುಖವನ್ನೇ ನೋಡಿದ. "ಅದೆಂಗಾಯ್ತದೆ? ನಮ್ಮ ಕಾಟಮ್ಮ ಹರಕೆ ಹೊತ್ತು ಅವಳ ಸೊಸೆ ಬಾಣಂತನ ಸಲೀಸಾಗಿ ಆಯ್ತು. ಮೊನ್ನೆ ಹಟ್ಟಿಯೋರೆಲ್ಲ ಸೇರಿ ಮಣೇವು ಹಾಕಿ ಪೂಜೆ ಮಾಡೀವಿ."

"ಕುಂಡ್ರಿಸಿದೋನು ನೀನೇ ಅಲ್ವೇನೋ?"

"ಕುಂಡ್ರಿಸಿದ್ದು ನಾನೇ ಧಣಿ. ಎಬ್ಬಿಸಾದು ನನ್ನ ಕೈಯಾಗಿಲ್ಲ."

ಗುದ್ದಲಿಯವರು ಗುದ್ದಲಿ ಕೆಳಗಿಟ್ಟು ಕೈ ಮುಗಿದರು. ನಾನೇ ಗುದ್ದಲಿ ಹಿಡಿದೆ. ಹಿಡಿದು ಒಂದು ಗುಡ್ಡೆಯ ಹತ್ತಿರ ಹೋದೆ. ಕಾಟಮ್ಮ ಆ ಎಳೆಗೂಸನ್ನು ತಂದು ಕಲ್ಲಿನ ಮುಂದೆ ಮಲಗಿಸಿ ಅಡ್ಡಬೀಳುತ್ತಿದ್ದಳು. ಸಭಿಕರೇ, ನಾನು ತರಿಸಿ ಹಾಕಿದ ಹೆಂಟೆಯ ಮೇಲೆ ಆ ಕೂಸು ಮಲಗಿತ್ತು. ನನ್ನ ಹುಲ್ಲಿನ ಮೇಲೆ. ಗುದ್ದಲಿ ಎತ್ತಲು ಆಗಲಿಲ್ಲ. ಅದು ಭಕ್ತಿಯೋ ಭಯವೋ ನನಗೆ ಈಗಲೂ ತಿಳಿಯದು.

ಲಾರಿ ಹತ್ತಿದ ಮೇಲೆ ಸ್ವಲ್ಪ ಗಾಳಿ ಬಂತು, ಬುದ್ಧಿಯೂ ಬಂತು. ನೇರ ಓಬಳೇಶಪ್ಪನವರ ಹತ್ತಿರ ಹೋಗಿ, "ದೇವ್ರೇ ಬಂದು ಕುಂತೈತೆ ಸ್ವಾಮಿ. ಇನ್ನು ನನ್ನ ಕೈಯಾಗೂ ಇಲ್ಲ, ನಿಮ್ಮ ಕೈಯಾಗೂ ಇಲ್ಲ. ನಾವಿಬ್ರೂ ಬಚಾವು!" ಎಂದೆ. ನಿಜವಾಗಿಯೂ ಸಂತೋಷಪಡುತ್ತಾರೆಂದು ಅಂದುಕೊಂಡಿದ್ದೆ.

"ದೇವರು ಇರ್ಲಿ ಬಿಡ್ರಿ, ಅದು ಹಟ್ಟಿಯೋರದು," ಎಂದರು. "ನೀವು ಕೋರ್ಟಿಗೆ ಒಂದು ಮಾತು ಹೇಳ್ರಿ. ಮ್ಯಾಲಿನ ಮಣ್ಣು ಹೊಸದು, ನಾನೇ ಹಾಕಿಸಿದ್ದು ಅಂತ. ಅದನ್ನ ಬಿಟ್ಟು ಉಳಿದಿದ್ದಕ್ಕೆ ನಾನು ವಾದ ಮಾಡ್ತೀನಿ."

"ಹಂಗಂದ್ರೆ ನನ್ನ ಹೆಸರು ಕಪ್ಪುಪಟ್ಟಿಗೆ ಹೋಗ್ತೈತೆ. ಇನ್ನೊಂದು ಟೆಂಡರ್ ಹಾಕಾಂಗಿಲ್ಲ. ನಾನು ಒಲ್ಲೆ."

ಅವರು ಎದ್ದರು. ಬೀರುವಿನಿಂದ ನನ್ನ ಕೇಸಿನ ಕಟ್ಟು ತೆಗೆದು, ದಾರ ಬಿಗಿದು, ನನ್ನ ಮುಂದಿಟ್ಟರು. ವಕಾಲತ್ತಿನಿಂದ ನಿವೃತ್ತಿ ಎಂದು ಕೋರ್ಟಿಗೆ ಒಂದು ಚೀಟಿ ಬರೆದರು. ಕಾರಣ ಬರೆಯಲಿಲ್ಲ. ಫೀಜನ್ನೂ ವಾಪಸು ಕೊಟ್ಟರು.

"ಇಷ್ಟು ವರ್ಷದ ನನಗಿಂತ ಆ ಹೆಂಟೆ ಮಣ್ಣು ಹೆಚ್ಚಾಯ್ತೇನ್ರಿ ನಿಮಗೆ?" ಎಂದೆ.

"ನೀವು ಹೇಳಿದ್ದು ನನ್ನ ಬಾಯಿಂದ ಹೊರಕ್ಕೆ ಬರಲ್ಲ. ಅದಕ್ಕೆ ಹೆದರ್ಕಬ್ಯಾಡ್ರಿ," ಎಂದರು.

ಈ ಮಾತನ್ನು ನಾನು ಎಷ್ಟು ಹಗುರವಾಗಿ ಕೇಳಿಸಿಕೊಂಡೆ ಗೊತ್ತೇ? ಅಂಗಡಿಯವನು "ಮತ್ತೆ ಬನ್ನಿ" ಎನ್ನುತ್ತಾನಲ್ಲ, ಹಾಗೆ.

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನಾಲ್ಕು ಜನ ಕೇಳಿದರು, ಓಬಳೇಶಪ್ಪನವರು ನಿಮ್ಮ ಕೇಸು ಯಾಕೆ ಬಿಟ್ಟರು ಎಂದು. ನಿಜ ಹೇಳುವಂತಿರಲಿಲ್ಲ. ಸುಳ್ಳು ಹೇಳಲೂ ಇಲ್ಲ, ಇದನ್ನು ಗಮನಿಸಬೇಕು. "ದೊಡ್ಡೋರ ವಿಷ್ಯ ನಮಗ್ಯಾಕೆ ಬಿಡ್ರಿ" ಎಂದು ದೋಸೆ ಮುರಿದು ಬಾಯಿಗಿಟ್ಟುಕೊಂಡೆ. ಇಷ್ಟೇ. ಈ ಅರ್ಧ ಮಾತು ಹೋಟೆಲಿನಿಂದ ಬಸ್ಸು ಹತ್ತಿತು. ಹೊಸದುರ್ಗದಲ್ಲಿ ಇಳಿಯುವಾಗ ಅದಕ್ಕೆ ದುಡ್ಡಿನ ಗಂಟು ಬಂದಿತ್ತು. ಹೊಳಲ್ಕೆರೆಯಲ್ಲಿ ಒಂದು ಸೈಟು ಸೇರಿತು. ದುರ್ಗ ಮುಟ್ಟುವಾಗ ಇಲಾಖೆಯವರ ಜೀಪು ಇವರ ಮನೆಯ ಮುಂದೆ ನಿಂತದ್ದನ್ನು ಕಂಡ ಸಾಕ್ಷಿಗಳೂ ಹುಟ್ಟಿದ್ದರು. ಬೆಂಗಳೂರಿಗೆ ಹೋಗುವಾಗ ಅರ್ಜಿಯಾಗಿತ್ತು. ನಾನು ಹೊತ್ತ ಯಾವ ಬುಟ್ಟಿಯ ಮಣ್ಣೂ ಇಷ್ಟು ಬೇಗ ಏರಿಯಾಗಿರಲಿಲ್ಲ.

ಇಷ್ಟನ್ನೂ ಇವರು ಕೇಳಿಸಿಕೊಂಡಿದ್ದಾರೆ. ಸಂತೆಯಲ್ಲಿ ಎದುರಾದಾಗ "ಚೆನ್ನಾಗಿದೀರೇನ್ರಿ?" ಎಂದು ನನ್ನನ್ನೇ ಕೇಳಿದ್ದಾರೆ. ನಾನು ಮುಖ ತಿರುಗಿಸಿದ್ದೇನೆ. ಒಂದು ಮಾತು ಅಂದಿದ್ದರೆ ಸಾಕಿತ್ತಲ್ಲ! 'ಚಿತ್ರಲಿಂಗಪ್ಪ ಮಣ್ಣು ಹಾಕಿಸಿದ, ಅದಕ್ಕೆ ಬಿಟ್ಟೆ.' ಬೆಂಗಳೂರಿಗೆ ಇಷ್ಟು ಬರೆದಿದ್ದರೆ ಇವರ ಸನ್ನದು ಉಳಿಯುತ್ತಿತ್ತು, ನನ್ನ ಲೈಸೆನ್ಸು ಹೋಗುತ್ತಿತ್ತು. ಇವರ ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಬೇರೆ ಆದಾಯವಿಲ್ಲ. ನೆಂಟನೂ ಅಲ್ಲದ, ಕೊಟ್ಟ ಫೀಜನ್ನೂ ವಾಪಸು ಪಡೆದ, ಮೇಲೆ ಮುಖವನ್ನೂ ತಿರುಗಿಸಿದ ಒಬ್ಬ ಮಣ್ಣಿನವನಿಗಾಗಿ ಅನ್ನ ಕಳೆದುಕೊಳ್ಳುವುದೇ? ನಾನು ಲೆಕ್ಕ ಹಾಕಿ ನೋಡಿದೆ. ಈಗ, ಈ ಪರದೆಯ ಹಿಂದೆ, ಕಾಫಿ ಒರೆಸಿಕೊಳ್ಳುತ್ತಾ ಹಾಕಿದೆ. ತಾಳೆ ಬೀಳುತ್ತಿಲ್ಲ. ಎಲ್ಲಿಂದ ಕೂಡಿದರೂ ತಾಳೆ ಬೀಳುತ್ತಿಲ್ಲ.

ಅವರು ಕೂತಲ್ಲಿಂದ ಕೈ ಸನ್ನೆ ಮಾಡುತ್ತಿರುವುದನ್ನು ನೀವೆಲ್ಲ ನೋಡುತ್ತಿದ್ದೀರಿ. ನಾನು ಮುನ್ಸೀಫರ ಹೆಸರೆತ್ತಿದಾಗಿನಿಂದಲೂ ಮಾಡುತ್ತಿದ್ದಾರೆ. ಕುಂತ್ಕಳ್ರಿ, ಕುಂತ್ಕಳ್ರಿ ಎಂದು. ನಾನು ಅವರನ್ನು ಉಳಿಸಲು ಎದ್ದಿದ್ದೇನೆ, ಅವರು ನನ್ನನ್ನು ಉಳಿಸಲು ಕೈಯಾಡಿಸುತ್ತಿದ್ದಾರೆ! ಅಲ್ಲ ಸ್ವಾಮಿ, ನೀವು ಈಗ ನನ್ನ ವಕೀಲರಲ್ಲ. ನನಗೆ ಬುದ್ಧಿ ಹೇಳುವ ಅಧಿಕಾರವನ್ನು ನೀವೇ ದಾರ ಕಟ್ಟಿ ವಾಪಸು ಕೊಟ್ಟಿದ್ದೀರಿ. ಕೈ ಇಳಿಸಿ.

ಬುಧವಾರ ಕಮಿಷನರು ಜವನಗೊಂಡನಹಳ್ಳಿಗೆ ಬರುತ್ತಾರೆ. ಹಟ್ಟಿಯವರು ಪೂಜೆ ಮಾಡಿಕೊಂಡಿರಲಿ, ಕಲ್ಲನ್ನು ಯಾರೂ ಅಲ್ಲಾಡಿಸುವುದು ಬೇಡ. ನಾನು ದಂಡೆಯ ಮೇಲೆ ನಿಂತು, ಹುಲ್ಲಿನ ಕೆಳಗೆ ನಾನು ಹಾಕಿಸಿದ್ದು ಎಲ್ಲಿಯವರೆಗಿದೆಯೋ ನನಗೂ ಗೊತ್ತಿಲ್ಲ, ಅನುಮಾನ ಬಂದದ್ದನ್ನೆಲ್ಲ ಬಿಟ್ಟು ಅಳೆದುಕೊಳ್ಳಿ ಎನ್ನುತ್ತೇನೆ. ಆಮೇಲೆ ಇಲಾಖೆ ನನ್ನನ್ನು ಏನು ಮಾಡುತ್ತದೋ ಮಾಡಲಿ. ದೊಡ್ಡ ಮನುಷ್ಯನ ಹಾಗೆ ಮಾತಾಡುತ್ತಿದ್ದೇನೆಂದು ತಿಳಿಯಬೇಡಿ. ಈ ಲೈಸೆನ್ಸು ಹೋಗುತ್ತದೆಂದು ನೆನೆದರೆ ಈಗಲೇ ಮೈಕು ಬಿಟ್ಟು ಓಡಿಹೋಗೋಣ ಎನ್ನಿಸುತ್ತಿದೆ. ಬಾಯಿ ಮಾತ್ರ ನಿಲ್ಲುತ್ತಿಲ್ಲ.

ಓಬಳೇಶಪ್ಪನವರೇ, ಕಕ್ಷಿದಾರ ಬಿಡುಗಡೆ ಕೊಡುವವರೆಗೆ ವಕೀಲನ ಬಾಯಿಗೆ ಬೀಗ ಎಂಬುದು ನಿಮ್ಮ ಕಾನೂನು. ಇದೋ ಕೊಟ್ಟೆ. ಇಷ್ಟು ಜನ ವಕೀಲರ ಎದುರಿಗೆ ಕೊಟ್ಟೆ. ಬೆಂಗಳೂರಿಗೆ ಏನು ಬರೆಯಬೇಕೋ ಬರೆಯಿರಿ.

ತಲೆ ಅಲ್ಲಾಡಿಸುತ್ತಿದ್ದಾರೆ. ಈಗಲೂ ಬರೆಯುವುದಿಲ್ಲವಂತೆ!

ಹಾಗಾದರೆ ನಾನೇ ಬರೆಯುತ್ತೇನೆ. ಉಗ್ರಪ್ಪನವರೇ, ಆ ಹಾರವನ್ನು ಬುಟ್ಟಿಯಲ್ಲೇ ಬಿಟ್ಟು ಒಂದು ಕಾಗದ ತನ್ನಿ. ಅರ್ಜಿ ಯಾವ ವಿಳಾಸಕ್ಕೆ ಹೋಗಿದೆಯೆಂದು ನಿಮಗೆ ಚೆನ್ನಾಗಿ ಗೊತ್ತಿರುವ ಹಾಗಿದೆ. ಸಭೆ ಮುಗಿಯುವುದರೊಳಗೆ ಬರೆದು ಸಹಿ ಹಾಕುತ್ತೇನೆ. ಸಾಕ್ಷಿಗೆ ಇಬ್ಬರು ಸಹಿ ಹಾಕಬೇಕು. ಜೀಪು ನಿಂತದ್ದನ್ನು ಕಂಡವರು ಈ ಹಾಲಿನಲ್ಲಿ ಬಹಳ ಜನ ಇದ್ದಾರೆ, ಅವರಲ್ಲಿ ಯಾರಾದರೂ ಇಬ್ಬರು ಮೇಲೆ ಬನ್ನಿ.

ಯಾರೂ ಏಳುತ್ತಿಲ್ಲ. ಪರವಾಗಿಲ್ಲ, ಕಾಯುತ್ತೇನೆ.

ಮಾತಾಡಲು ಬಿಟ್ಟ ಅಧ್ಯಕ್ಷರಿಗೆ, ಕೇಳಿಸಿಕೊಂಡ ನಿಮಗೆ, ಕೇಳಬಾರದೆಂದು ಎದ್ದುಹೋದವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.